ತಾಯಿಯವರಿಗೆ ಸೂಚಿಸಿರುವ ನ್ಯಾನೋ ಔಷಧದ ಕುರಿತು

ವಿರಾಜಪೇಟೆಯ ನಿಮ್ಮ ತಾಯಿಯವರ ಸ್ತನ ಕ್ಯಾನ್ಸರ್‌ಗೆ ಸೂಚಿಸಿರುವ ನ್ಯಾನೋ (ಅತಿ ಸೂಕ್ಷ್ಮ) ಕಣಗಳ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ಇನ್ನೂ ಪ್ರಯೋಗದ ಹಂತದಲ್ಲಿದೆಯೇ, ಅಡ್ಡಪರಿಣಾಮ ಇರುವುದಿಲ್ಲವೇ ಎಂದು ಕೇಳಿದ್ದೀರಿ. ಪ್ರಯೋಗವಲ್ಲ, ಅಮೆರಿಕದಲ್ಲಿ 2005ರಲ್ಲೇ ಅನುಮೋದನೆ ದೊರೆತಿದೆ. ನೀರಿನಲ್ಲಿ ಕರಗದ ಪ್ಯಾಕ್ಲಿಟ್ಯಾಕ್ಸೆಲನ್ನು ಹಳೆಯ ರೂಪದಲ್ಲಿ, ಅಂದರೆ ಹರಳೆಣ್ಣೆಯಿಂದ ತಯಾರಿಸಿದ ದ್ರಾವಕದಲ್ಲಿ ಕೊಡುವಾಗ ಆ ದ್ರಾವಕವೇ ಕೆಲವರಲ್ಲಿ ತೀವ್ರ ಅಲರ್ಜಿ ಉಂಟುಮಾಡುತ್ತಿತ್ತು. ಈ ನ್ಯಾನೋ ರೂಪದಲ್ಲಿ ಔಷಧವು ಅಲ್ಬುಮಿನ್ ಎಂಬ ರಕ್ತದ ಪ್ರೋಟೀನಿಗೆ ಅಂಟಿಕೊಂಡು ಸುಮಾರು 130 ನ್ಯಾನೋಮೀಟರ್ ಗಾತ್ರದ ಕಣಗಳಾಗಿರುವುದರಿಂದ ಆ ದ್ರಾವಕ ಬೇಕಿಲ್ಲ. ಆದರೆ ಇದು ಗೆಡ್ಡೆಯನ್ನಷ್ಟೇ ಹುಡುಕಿ ಹೋಗುತ್ತದೆ ಎಂಬ ಪ್ರಚಾರವನ್ನು ದಯವಿಟ್ಟು ನಂಬಬೇಡಿ. ಕೂದಲು ಉದುರುತ್ತದೆ, ಬಿಳಿ ರಕ್ತಕಣಗಳು ಕಡಿಮೆಯಾಗಬಹುದು, ಬೆರಳುಗಳು ಜೋಮು ಹಿಡಿಯಬಹುದು. ರವಿಕೆಯ ಹುಕ್ ಹಾಕಿಕೊಳ್ಳಲು, ಕಾಫಿ ಹಣ್ಣು ಬಿಡಿಸಲು ಅವರಿಗೆ ಕಷ್ಟವಾಗತೊಡಗಿದರೆ ತಕ್ಷಣ ವೈದ್ಯರಿಗೆ ತಿಳಿಸಿ, ಪ್ರಮಾಣ ತಗ್ಗಿಸಲು ಸಾಧ್ಯವಿದೆ. ಬಿಳಿ ರಕ್ತಕಣಗಳು ಕಡಿಮೆಯಿದ್ದಾಗ ಸೋಂಕು ಅಪಾಯಕಾರಿ, ಆದ್ದರಿಂದ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಳೆ ನಿಲ್ಲಲೆಂದು ಕಾಯದೆ, ರಾತ್ರಿಯಾದರೂ ಸರಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.