ಇಬ್ಬನಿಗೆ ನೆನೆದ ಹಗ್ಗ

ಪ್ರಿಯ ಲೇಖಕರೇ,

ಅಕ್ಬರನ ಕಾಲದ ಆಗ್ರಾ ಸುಬಾದಲ್ಲಿ, ಅಂದರೆ ಆಗ್ರಾ ಪ್ರಾಂತ್ಯದಲ್ಲಿ, ಕಂದಾಯದ ವಸೂಲಿಗೆ ಸಿಕ್ಕಿ ನಲುಗುವ ರೈತನ ಕಥೆ ತಲುಪಿತು. ಭಾಷೆ ಹಿಡಿತದಲ್ಲಿದೆ, ಆರಂಭವೂ ಚೆನ್ನಾಗಿದೆ. ಆದರೆ ಎರಡನೆಯ ಪುಟ ಓದುತ್ತಾ ಸಿಟ್ಟು ಬಂತು. ಆ ಪುಟದ ಬಗ್ಗೆಯೇ ಬರೆಯುತ್ತೇನೆ.

“1582ರ ಆ ಮುಂಜಾವಿನಲ್ಲಿ ಅಳತೆಗಾರ ಸೆಣಬಿನ ಹಗ್ಗ ಬಿಚ್ಚಿದ” ಎನ್ನುತ್ತೀರಿ. 1575ರ ಹೊತ್ತಿಗೇ ಆ ಹಗ್ಗವನ್ನು ಕೈಬಿಟ್ಟು, ಕಬ್ಬಿಣದ ಬಳೆಗಳಿಂದ ಜೋಡಿಸಿದ ಬಿದಿರಿನ ಜರೀಬನ್ನು, ಅಂದರೆ ಹೊಲ ಅಳೆಯುವ ಸಾಧನವನ್ನು, ಜಾರಿಗೆ ತಂದಿದ್ದರು. ಕಾರಣವನ್ನು ಅಕ್ಬರನ ಆಸ್ಥಾನದ ಚರಿತ್ರೆಕಾರ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಹೇಳುತ್ತಾನೆ: ಬೆಳಗಿನ ತೇವಕ್ಕೆ ಹಗ್ಗ ಕುಗ್ಗುತ್ತಿತ್ತು, ಹೊತ್ತೇರಿ ಒಣಗಿದರೆ ಹಿಗ್ಗುತ್ತಿತ್ತು. ಕುಗ್ಗಿದಾಗ ಅದೇ ಹೊಲ ಲೆಕ್ಕದಲ್ಲಿ ದೊಡ್ಡದಾಗಿ ರೈತನಿಗೆ ನಷ್ಟ, ಹಿಗ್ಗಿದಾಗ ಬೊಕ್ಕಸಕ್ಕೆ. ಇಬ್ಬನಿ ಆರುವ ಮೊದಲೇ ಅಳೆಯಲು ಅವಸರಪಡುವ ಅಳತೆಗಾರ, ಬಿಸಿಲೇರಲಿ ಎಂದು ಹೊತ್ತು ದೂಡುವ ರೈತ. ಇಡೀ ಕಥೆ ಅಲ್ಲೇ ಇತ್ತಲ್ಲ! ಅಂಥ ಮುಂಜಾವನ್ನು ನೀವು ಹಕ್ಕಿಗಳ ವರ್ಣನೆಗೆ ವ್ಯಯಿಸಿದ್ದೀರಿ. ಹಗ್ಗ ಬೇಕೇ ಬೇಕೆಂದಾದರೆ ಕಥೆಯನ್ನು 1575ಕ್ಕಿಂತ ಹಿಂದಕ್ಕೆ ಒಯ್ಯಿರಿ.

1582ರಲ್ಲೇ ಉಳಿಯುವುದಾದರೆ ಮುಂದಿನ ವಾಕ್ಯ ನಿಲ್ಲುವುದಿಲ್ಲ. “ಫಸಲಿನ ಮೂರನೇ ಒಂದು ಪಾಲನ್ನು ಸಿಪಾಯಿಗಳು ಗಾಡಿಗೆ ಹೇರಿದರು.” ಮೂರನೇ ಒಂದು ಎನ್ನುವುದು ಸರಿ. ಆದರೆ ಅಕ್ಬರನ ಕಂದಾಯ ಮಂತ್ರಿ ತೋಡರಮಲ್ಲನ ಹೆಸರಿನೊಂದಿಗೆ ಸೇರಿಕೊಂಡಿರುವ 1580ರ ದಹಸಾಲಾ ಕಂದಾಯ ಪದ್ಧತಿಯಲ್ಲಿ, ಹಿಂದಿನ 10 ವರ್ಷಗಳ ಸರಾಸರಿ ಹಿಡಿದು ಒಂದೊಂದು ಬೆಳೆಗೂ ಬಿಘಾ ಎಂಬ ನೆಲದ ಅಳತೆಗೆ ಇಷ್ಟು ದಾಮ್, ಅಂದರೆ ಇಷ್ಟು ತಾಮ್ರದ ನಾಣ್ಯ, ಎಂದು ಗೊತ್ತುಮಾಡಿದ್ದರು. 40 ದಾಮ್‌ಗೆ ಒಂದು ರೂಪಾಯಿ. ರೈತ ಎಣಿಸಿ ಕೊಡಬೇಕಾದದ್ದು ನಾಣ್ಯ. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರಲು ಹೊರಟು ಧಾರಣೆ ಕುಸಿದರೂ ಬಿಘಾದ ದರ ಕುಸಿಯುವುದಿಲ್ಲ. ಅವನ ಸಂಕಟ ಹುಟ್ಟುವುದು ಇಲ್ಲಿ. ಧಾನ್ಯವನ್ನು ಗಾಡಿಗೆ ಹೇರಿಸಿದ ಕೂಡಲೇ ಸಂತೆ, ವರ್ತಕ, ಸಾಲ, ಊರ ಕರಣಿಕನಾದ ಪಟವಾರಿಯ ಲೆಕ್ಕ ಎಲ್ಲವೂ ನಿಮ್ಮ ಕಥೆಯಿಂದ ಹೊರಬಿದ್ದವು. ಸಿಪಾಯಿ ಮತ್ತು ಅಳು ಮಾತ್ರ ಉಳಿದವು. ಆ ಅಳು ಯಾವ ರಾಜ್ಯದ, ಯಾವ ಶತಮಾನದ ಕಥೆಗೂ ಹೊಂದುತ್ತದೆ. ನನಗೆ ಸಹಿಸಲಾಗದ್ದು ಇದೇ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದಾಗ ಅಲ್ಲಿನ ಹಿರಿಯ ಸಂಪಾದಕರು ನನ್ನನ್ನು ತಾಲ್ಲೂಕಿನ ಜಮಾಬಂದಿಗೆ ಕಳುಹಿಸುತ್ತಿದ್ದರು. ವರದಿ ಕೇಳುತ್ತಿರಲಿಲ್ಲ. ಮರಳಿದ ಮೇಲೆ, ಯಾರು ಕೂತಿದ್ದರು, ಯಾರು ನಿಂತಿದ್ದರು, ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು ಎಂದು ವಿಚಾರಿಸುತ್ತಿದ್ದರು. ಯಾರಾದರೂ ಬಡತನದ ಕಥೆ ಕಳುಹಿಸಿದರೆ, ದುಡ್ಡು ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂದು ನನ್ನಿಂದ ಅಂಚಿನಲ್ಲಿ ಬರೆಸುತ್ತಿದ್ದರು. ಉತ್ತರ ಸಿಗದ ಕಡೆ ಕೆಂಪು ಗೆರೆ. ನಿಮ್ಮ ಎರಡನೆಯ ಪುಟದ ತುಂಬ ಈಗ ಆ ಗೆರೆಗಳಿವೆ.

ನಿಮ್ಮ ರೈತನ ಗೋಧಿ ಯಾವ ಸಂತೆಗೆ ಹೋಯಿತು, ಎಷ್ಟು ದಾಮ್ ತಂದಿತು, ಕಡಿಮೆ ಬಿದ್ದದ್ದನ್ನು ಅವನು ಯಾರ ಮನೆಯಿಂದ ತಂದ ಎಂಬುದನ್ನು ಬರೆದು ಆ ಒಂದು ಪುಟವನ್ನಷ್ಟೇ ಕಳುಹಿಸಿ. ಉಳಿದ ಪುಟಗಳನ್ನು ಆಮೇಲೆ ನೋಡೋಣ.

ಸಂಪಾದಕ