ಹಬ್ಬದ ಊಟಕ್ಕೆ ಎಂಟು ಬಗೆ ತರಕಾರಿ ಬೇಕಾ?

ಪ್ರಶ್ನೆ: ಹಬ್ಬದ ರಾತ್ರಿ ನಮ್ಮ ಮನೆಗೆ 12 ಜನ ಊಟಕ್ಕೆ ಬರುತ್ತಾರೆ. ಅವರಲ್ಲಿ 9 ಜನ ಸಸ್ಯಾಹಾರಿಗಳು. ಉಳಿದ ಮೂವರಿಗೆ ಓವನ್‌ನಲ್ಲಿ ಒಂದು ಮಾಂಸದ ಅಡುಗೆ ಮಾಡುತ್ತೇನೆ. ತರಕಾರಿಯ ಪಟ್ಟಿ ಬರೆದೆ, ಎಂಟು ಬಗೆ ಆಯಿತು: ಮ್ಯಾಶ್ ಮಾಡಿದ ಆಲೂಗಡ್ಡೆ, ಓವನ್‌ನಲ್ಲಿ ರೋಸ್ಟ್ ಮಾಡಿದ ಆಲೂಗಡ್ಡೆ, ಸಿಹಿಗುಂಬಳ ರೋಸ್ಟ್, ಚೀಸ್ ಹಾಕಿ ಬೇಕ್ ಮಾಡಿದ ಹೂಕೋಸು, ಕ್ರೀಮ್ ಹಾಕಿದ ಪಾಲಕ್, ಕ್ಯಾರೆಟ್ ರೋಸ್ಟ್, ಬೀನ್ಸ್, ಬೀಟ್‌ರೂಟ್ ಸಲಾಡ್. ಇರುವುದು ಒಂದೇ ಓವನ್, ಮಾಡುವವಳು ನಾನೊಬ್ಬಳೇ. ಯಾವುದು ಇರಲಿ, ಯಾವುದು ಬಿಡಲಿ?

ಉತ್ತರ: ನಿಮ್ಮ ಪಟ್ಟಿಯನ್ನು ಎರಡು ಸಲ ಓದಿ ನೋಡಿ. ಮೊದಲನೇ ಸಲ, ಓವನ್‌ಗೆ ಹೋಗುವುದು ಎಷ್ಟು ಅಂತ ಎಣಿಸಿ. ನಾಲ್ಕು, ಮಾಂಸ ಸೇರಿದರೆ ಐದು. ಎರಡನೇ ಸಲ, ಹಲ್ಲಿಗೆ ಕೆಲಸವೇ ಇಲ್ಲದ ಮೆತ್ತನೆ ಅಡುಗೆ ಎಷ್ಟು ಅಂತ ನೋಡಿ. ಮ್ಯಾಶ್, ಸಿಹಿಗುಂಬಳ, ಚೀಸ್ ಹೂಕೋಸು, ಕ್ರೀಮ್ ಪಾಲಕ್. ಅದೂ ನಾಲ್ಕು. ತಟ್ಟೆಯೇನೋ ತುಂಬುತ್ತದೆ, ಆದರೆ ಅರ್ಧ ಊಟಕ್ಕೇ ಬಾಯಿ ಬೇಸತ್ತು ಹೋಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಎಂಟು ಬಗೆ ಇದ್ದರೂ ಒಂದರಲ್ಲೂ ಕಾಳಿಲ್ಲ. ಮಾಂಸ ತಿನ್ನುವ ಮೂವರಿಗೆ ಇವೆಲ್ಲ ಪಕ್ಕದಲ್ಲಿ ನಂಚಿಕೊಳ್ಳೋಕೆ ಆಯಿತು. ಆ ಒಂಬತ್ತು ಜನಕ್ಕೆ ಇದೇ ಊಟ ಅಲ್ವಾ? ಎಷ್ಟೇ ತಿಂದರೂ ಅವರು ಮನೆಗೆ ಹೋಗಿ ಮತ್ತೆ ಏನಾದರೂ ಹುಡುಕುತ್ತಾರೆ.

ಹಾಗಾಗಿ ನಾಲ್ಕನ್ನು ಉಳಿಸಿಕೊಂಡು, ಹೊಸದಾಗಿ ಒಂದನ್ನು ಸೇರಿಸಿ. ಒಟ್ಟು ಐದು ಸಾಕು. ಮ್ಯಾಶ್ ಇರಲಿ, ಬೀನ್ಸ್ ಇರಲಿ, ಬೀಟ್‌ರೂಟ್ ಇರಲಿ. ಹೂಕೋಸು, ಕ್ಯಾರೆಟ್ ಎರಡನ್ನೂ ಸೇರಿಸಿ ಒಂದೇ ರೋಸ್ಟ್ ಮಾಡಿ, ಚೀಸ್ ಬೇಡ. ಪಾಲಕ್ ಬಿಡಿ. ಕ್ಯಾರೆಟ್ಟೂ ಸಿಹಿಯೇ, ಅದಿರುವಾಗ ಸಿಹಿಗುಂಬಳವೂ ಬೇಡ. ಆಲೂಗಡ್ಡೆ ರೋಸ್ಟ್ ಬಿಡಿ ಅನ್ನೋಕೆ ನನಗೂ ಮನಸ್ಸಿಲ್ಲ. ಆದರೆ ಅದು ಓವನ್‌ನಿಂದ ನೇರ ತಟ್ಟೆಗೆ ಬಂದರೆ ಮಾತ್ರ ಚೆನ್ನ. ಒಂದೇ ಓವನ್ ಇರುವ ಮನೆಯಲ್ಲಿ ಅದಕ್ಕೆ ಜಾಗ ಹೊಂದಿಸುವುದು ಕಷ್ಟ.

ಹೊಸದಾಗಿ ಸೇರಿಸಬೇಕಾದದ್ದು ಕಡಲೆಕಾಳು ಮತ್ತು ಅಣಬೆ, ಎರಡೂ ಒಟ್ಟಿಗೆ. ಕಾಳು ಹೊಟ್ಟೆಗೆ, ಅಣಬೆ ನಾಲಿಗೆಗೆ. ಮಾಂಸದ ಅಡುಗೆಯಲ್ಲಿ ಬಾಯಿಗೆ ಹಿಡಿಸುವ ಆ ದಟ್ಟ ರುಚಿಗೆ ಉಮಾಮಿ ಅಂತ ಹೆಸರಿಟ್ಟದ್ದು ಜಪಾನಿನ ರಸಾಯನ ವಿಜ್ಞಾನಿ ಕಿಕುನೆ ಇಕೆಡಾ, 1908ರಲ್ಲಿ. ಅವರಿಗೆ ಅದು ಸಿಕ್ಕಿದ್ದು ಕಡಲ ಪಾಚಿಯ ಸಾರಿನಲ್ಲಿ. ಅಣಬೆಯಲ್ಲೂ, ಚೆನ್ನಾಗಿ ಹಣ್ಣಾದ ಟೊಮೆಟೊದಲ್ಲೂ ಅದೇ ರುಚಿ ಇದೆ. ಅರ್ಧ ಕೆಜಿ ಒಣ ಕಡಲೆಕಾಳು ನೆನೆಸಿ ಬೇಯಿಸಿದರೆ ಒಂದು ಕೆಜಿಗಿಂತ ಜಾಸ್ತಿಯೇ ಆಗುತ್ತದೆ. ಅಣಬೆಯನ್ನು ಅಗಲ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಇಡಿ. ಮೊದಲು ನೀರು ಬಿಡುತ್ತದೆ. ಹೆದರಬೇಡಿ, ಮುಚ್ಚಳ ಹಾಕಬೇಡಿ. ನೀರು ಪೂರ್ತಿ ಇಂಗಿ ಚುರುಚುರು ಸದ್ದು ಶುರುವಾದ ಮೇಲೆ ಎಣ್ಣೆ ಹಾಕಿ. ಅಂಚು ಕಂದು ಆದಾಗ ಬೆಳ್ಳುಳ್ಳಿ, ಟೊಮೆಟೊ, ಆಮೇಲೆ ಕಾಳು. ಇದನ್ನು ಮಧ್ಯಾಹ್ನವೇ ಮಾಡಿ ಫ್ರಿಜ್‌ನಲ್ಲಿಟ್ಟು ಸಂಜೆ ಕುದಿಸಿದರೆ ರುಚಿ ಇನ್ನೂ ಕೂಡಿಕೊಳ್ಳುತ್ತದೆ.

ಓವನ್ ವಿಚಾರಕ್ಕೆ ಬರೋಣ. ಮಾಂಸ ಹೊರಗೆ ಬಂದ ಮೇಲೆ ಕತ್ತರಿಸುವ ಮುಂಚೆ 20-30 ನಿಮಿಷ ಸುಮ್ನೆ ಬಿಡಬೇಕು. ಆ ಹೊತ್ತು ಹೂಕೋಸು, ಕ್ಯಾರೆಟ್‌ಗೆ. 220 ಡಿಗ್ರಿ ಸೆಲ್ಸಿಯಸ್, ಎರಡು ಟ್ರೇ. ಒಂದರ ಮೇಲೊಂದು ಪೇರಿಸಬೇಡಿ, ತುಂಡುಗಳ ನಡುವೆ ಜಾಗ ಇರಲಿ. ಒತ್ತೊತ್ತಾಗಿ ತುಂಬಿದರೆ ಬಿಟ್ಟ ನೀರು ಆವಿಯಾಗಿ ಅಲ್ಲೇ ಸುತ್ತುತ್ತದೆ. ಹಸಿ ಇರುವಷ್ಟು ಹೊತ್ತೂ ತರಕಾರಿಯ ಮೈ 100 ಡಿಗ್ರಿ ದಾಟುವುದಿಲ್ಲ, ಕಂದು ಬಣ್ಣ ಬರೋಕೆ ಅಷ್ಟು ಶಾಖ ಸಾಲದು. ಆಗ ಅದು ರೋಸ್ಟ್ ಅಲ್ಲ, ಬೇಯಿಸಿದ ಹೂಕೋಸು. ಅರ್ಧ ದಾರಿಯಲ್ಲಿ ಟ್ರೇಗಳನ್ನು ಮೇಲೆ ಕೆಳಗೆ ಅದಲು ಬದಲು ಮಾಡಿ.

ಬೀನ್ಸನ್ನು ಉಪ್ಪು ಹಾಕಿದ ಕುದಿಯುವ ನೀರಲ್ಲಿ ಮೂರು ನಾಲ್ಕು ನಿಮಿಷ ಬೇಯಿಸಿ ತಕ್ಷಣ ಐಸ್ ನೀರಿಗೆ ಹಾಕಿ. ಬಡಿಸುವ ಮುಂಚೆ ಬೆಣ್ಣೆಯಲ್ಲಿ ಒಂದು ಸಲ ಕೈಯಾಡಿಸಿದರೆ ಆಯಿತು. ನಿಂಬೆರಸ ಮಾತ್ರ ಟೇಬಲ್ ಮೇಲೆ ಇಡುವಾಗಲೇ ಹಿಂಡಿ. ಮೊದಲೇ ಹಿಂಡಿದರೆ ಹುಳಿಗೆ ಹಸಿರು ಬಣ್ಣ ಹೋಗಿ ಮಂಕಾಗುತ್ತದೆ. ಬೀಟ್‌ರೂಟನ್ನು ಹಿಂದಿನ ದಿನವೇ ಸಿಪ್ಪೆ ಸಮೇತ ಬೇಯಿಸಿ, ವಿನೆಗರ್ ಹಾಕಿ ಫ್ರಿಜ್‌ನಲ್ಲಿಡಿ. ಬೇರೆ ಬಟ್ಟಲಲ್ಲೇ ಇರಲಿ, ಇಲ್ಲದಿದ್ದರೆ ಇಡೀ ತಟ್ಟೆ ಕೆಂಪು. ಆಲೂಗಡ್ಡೆಯನ್ನು ಕೈಯಲ್ಲೇ ಹಿಸುಕಿ. ಮಿಕ್ಸಿಗೆ ಹಾಕಿದರೆ ಗಂಜಿಯ ಅಂಶ ಬಿಟ್ಟುಕೊಂಡು ಅಂಟಂಟಾಗುತ್ತದೆ.

ಅಳತೆ ಹೇಳಬೇಕೆಂದರೆ, ಬೀನ್ಸ್, ಬೀಟ್‌ರೂಟ್, ಆಲೂಗಡ್ಡೆ ತಲಾ ಒಂದೂವರೆ ಕೆಜಿ. ರೋಸ್ಟ್ ಕುಗ್ಗುತ್ತದೆ, ಅದಕ್ಕೆ ಎರಡು ಕೆಜಿ.

ಪ್ರಶ್ನೆ: ನಮ್ಮ ಅತಿಥಿಗಳಲ್ಲಿ ಒಬ್ಬರು ಸಸ್ಯಾಹಾರದ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ತರಕಾರಿ ಅಡುಗೆಯಲ್ಲೂ ಏನಾದರೂ ನೋಡಿಕೊಳ್ಳಬೇಕಾ?

ಉತ್ತರ: ಹೌದು, ಎಡವುವುದು ಅಲ್ಲೇ. ಗ್ರೇವಿಗೆ ಹಾಕುವ ಸ್ಟಾಕ್ ಕ್ಯೂಬ್ ಎಷ್ಟೋ ಸಲ ಕೋಳಿಯದ್ದಾಗಿರುತ್ತದೆ. ಅಸಲಿ ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಸಿಹಿ ತಿನಿಸಿನಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಇರಬಹುದು. ಪ್ಯಾಕೆಟ್ ಹಿಂದೆ ಓದಿ. ಮಾಂಸದ ಟ್ರೇಯಲ್ಲಿ ಇಳಿದ ಕೊಬ್ಬಿನಲ್ಲಿ ತರಕಾರಿ ಹುರಿಯಬೇಡಿ, ಒಂದೇ ಸಮಯಕ್ಕೆ ಇಡಬೇಕಾಗಿ ಬಂದರೆ ತರಕಾರಿ ಮೇಲಿನ ರ‍್ಯಾಕ್‌ನಲ್ಲಿರಲಿ. ಒಂದೊಂದು ಪಾತ್ರೆಗೂ ಬೇರೆ ಸೌಟು ಇಡಿ. ಆಮೇಲೆ ಅವರನ್ನೇ ಫೋನ್ ಮಾಡಿ ಕೇಳಿ. ಒಂದೇ ಓವನ್‌ನಲ್ಲಿ ಬೆಂದದ್ದು ಕೆಲವರಿಗೆ ಪರವಾಗಿಲ್ಲ, ಕೆಲವರಿಗೆ ಆಗುವುದಿಲ್ಲ. ಆಗುವುದಿಲ್ಲ ಅಂದರೆ ಒಲೆಯ ಮೇಲೆ ಮಾಡಿದ್ದು, ಫ್ರಿಜ್‌ನಿಂದ ತೆಗೆದದ್ದು ಸೇರಿ ನಾಲ್ಕು ಬಗೆಯಾದರೂ ಅವರಿಗೆ ಸಿಗುವ ಹಾಗೆ ಪಟ್ಟಿ ಮಾಡಿಕೊಳ್ಳಿ.