ಎಬೋಲಾ ಯಾಕೆ ಕೊರೊನಾ ತರ ಹರಡಲಿಲ್ಲ?

"ಇಷ್ಟೊಂದು ಜನರನ್ನ ಕೊಲ್ಲೋ ಎಬೋಲಾ ಕೊರೊನಾ ತರ ಪ್ರಪಂಚಕ್ಕೆಲ್ಲ ಯಾಕೆ ಹರಡಲಿಲ್ಲ" ಅಂತ ಕೇಳಿದ್ದೀರಿ. ಎಷ್ಟು ಜನರನ್ನ ಕೊಲ್ಲುತ್ತೆ ಅನ್ನೋದಕ್ಕಿಂತ ಯಾವಾಗ ಅಂಟುತ್ತೆ ಅನ್ನೋದೇ ಇಲ್ಲಿ ಮುಖ್ಯ. ಕೊರೊನಾ ಕೆಮ್ಮು ಶುರುವಾಗೋ ಮೊದಲೇ ಉಸಿರಿನಲ್ಲಿ ದಾಟಿಬಿಡುತ್ತೆ. ಸೋಂಕು ತಗುಲಿದವರು ಆರಾಮಾಗಿ ವಿಮಾನ ಹತ್ತಿರ್ತಾರೆ. ಎಬೋಲಾ ಹಾಗಲ್ಲ. ಜ್ವರ ಬರೋವರೆಗೂ ಅಂಟಲ್ಲ, ಅಂಟೋದೂ ರಕ್ತ, ವಾಂತಿ, ಭೇದಿಯಂಥದ್ದು ತಾಗಿದರೆ. ಆ ಹೊತ್ತಿಗೆ ರೋಗಿ ಹಾಸಿಗೆ ಹಿಡಿದಾಗಿರುತ್ತೆ. ಹಾಗಾಗಿ ಸಿಕ್ಕಿಬೀಳೋದು ಆರೈಕೆ ಮಾಡಿದವರು, ನರ್ಸುಗಳು, ಹೆಣ ತೊಳೆದವರು. 1976ರಲ್ಲಿ ಆಫ್ರಿಕಾದ ಆಗಿನ ಜೈರ್ (ಈಗಿನ ಡಿ.ಆರ್. ಕಾಂಗೋ) ದೇಶದ ಯಾಂಬುಕು ಅನ್ನೋ ಹಳ್ಳಿಯಲ್ಲಿ ಕಾಣಿಸಿಕೊಂಡಾಗ ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ದಿನಕ್ಕೆ ಐದೇ ಸಿರಿಂಜು. ಒಬ್ಬರಿಗೆ ಚುಚ್ಚಿದ್ದನ್ನೇ ಇನ್ನೊಬ್ಬರಿಗೂ ಚುಚ್ಚುತ್ತಿದ್ರು!

ಹಾಗಂತ ಸುಲಭಕ್ಕೆ ಬಗ್ಗೋ ರೋಗ ಅಲ್ಲ. 2014–16ರಲ್ಲಿ ನಗರಗಳಿಗೇ ನುಗ್ಗಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ 11,000ಕ್ಕೂ ಹೆಚ್ಚು ಜನ ಸತ್ರು. ತಡೆದದ್ದು ಬಹುಪಾಲು ಹಳೇ ವಿದ್ಯೆಯೇ: ರೋಗಿಯ ಸಂಪರ್ಕಕ್ಕೆ ಬಂದವರ ಪಟ್ಟಿ ಮಾಡಿ, 21 ದಿನ ದಿನಾ ಹೋಗಿ ಜ್ವರ ಇದೆಯಾ ನೋಡೋದು. 2015ರಲ್ಲಿ ಗಿನಿಯಲ್ಲಿ ಲಸಿಕೆ ಪರೀಕ್ಷೆ ನಡೆಯಿತು. ಅದನ್ನೂ ಊರಿಗೆಲ್ಲ ಹಾಕಲಿಲ್ಲ, ರೋಗಿಯ ಸುತ್ತಲಿನವರಿಗೆ ಮಾತ್ರ. ಸಿಡುಬು ಓಡಿಸುವಾಗ ಮಾಡಿದ್ದೂ ಇದನ್ನೇ.